ಆನ್ಸೆಲ್ಮ್ ತಿರುಗಿಸಿದ ಬಾಣ

ಗುಡ್ಡದ ಮೇಲಿನ ಹಳೇ ಕೋಟೆಗೆ ಹೋಗುವ ಚಾರಣಿಗರು ತನ್ನ ಗೋಧಿ ಹೊಲ ತುಳಿಯುತ್ತಾರೆಂದು ರೈತ ಆನ್ಸೆಲ್ಮ್ ಒಂದು ಬೆಳಿಗ್ಗೆ ದಾರಿ ತೋರಿಸುವ ಕಂಬದ ಬಾಣವನ್ನು ಆಚೆಯ ಕಾಲುದಾರಿಯ ಕಡೆಗೆ ತಿರುಗಿಸಿಬಿಟ್ಟ. ಆ ದಾರಿ ಸುತ್ತಿ ಬಳಸಿಕೊಂಡು ಬಂದು ತನ್ನ ಹಿತ್ತಿಲನ್ನೇ ಸೇರುತ್ತದೆಂಬುದು ಅವನಿಗೆ ಹೊಳೆದಿರಲಿಲ್ಲ. ಮಧ್ಯಾಹ್ನ ಲಿಯಾನ್ ನಗರದಿಂದ ಬಂದ ಚಾರಣಿಗರ ಗುಂಪೊಂದು ಕೋಟೆಯೆಂದೇ ತಿಳಿದು ಅವನ ಹಂದಿಗೂಡಿನ ಕಲ್ಲುಗೋಡೆಯ ಫೋಟೊ ತೆಗೆಯುತ್ತಿತ್ತು.

“ಇದು ಯಾವ ರಾಜನ ಕಾಲದ್ದು ಯಜಮಾನ್ರೇ?” ಎಂದು ಒಬ್ಬಾಕೆ ಆನ್ಸೆಲ್ಮನನ್ನು ಕೇಳಿದಳು.

ಹೆಂಡತಿ ಒಡೆಟ್ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು: “ರಾಜ ನಿಮ್ಮೆದುರಿಗೇ ನಿಂತವ್ನೆ ಕಣಮ್ಮ! ಬಾಣ ತಿರುಗಿಸಿದೋನೂ ಅವ್ನೇ!”

ಎಲ್ಲರೂ ಗೊಳ್ಳೆಂದು ನಕ್ಕರು. ಆನ್ಸೆಲ್ಮನಿಗೂ ನಗು ತಡೆಯಲಾಗಲಿಲ್ಲ.

“ಬನ್ನಿ, ನಿಜವಾದ ಕೋಟೆ ನಾನೇ ತೋರಿಸ್ತೀನಿ,” ಎಂದು ಬದುವಿನ ಮೇಲೆ ಅವರನ್ನು ಸಾಲಾಗಿ ನಡೆಸಿಕೊಂಡು ಹೊರಟ. ಮದುವೆಯಾದ ಮೇಲೆ ಅವನು ಆ ಗುಡ್ಡ ಹತ್ತಿದ್ದು ಅದೇ ಮೊದಲು.