ಕ್ರೇನಿನವನ ಮೂರನೆಯ ಭೇಟಿ

ಮೇಜಿನ ಮೇಲಿನ ಟಿಶ್ಯೂ ಡಬ್ಬಿಯಿಂದ ಒಂದು ಕಾಗದದ ಹಾಳೆ ಅರ್ಧ ಹೊರಗೆ ಬಂದು ನಿಂತಿದೆ, ಬಿಳಿ, ಮೆತ್ತಗೆ, ಫ್ಯಾನಿನ ಗಾಳಿಗೆ ಅಲ್ಲಾಡುತ್ತ, ಅಳು ಬಾ ಎಂದು ಕರೆಯುತ್ತಿದೆ, ಹೋದ ವಾರವೂ ಇದೇ ಹಾಳೆ, ಅದರ ಹಿಂದಿನ ವಾರವೂ ಇದೇ ಇರಬೇಕು, ಇಲ್ಲಿ ಯಾರೂ ಅಳುವುದೇ ಇಲ್ಲವೋ ಏನೋ, ಅಥವಾ ಈಯಮ್ಮನೇ ಬೆಳಿಗ್ಗೆ ಬಂದು ಎಳೆದು ನಿಲ್ಲಿಸುತ್ತಾಳೋ, ಗಾಳಕ್ಕೆ ಹುಳು ಸಿಕ್ಕಿಸಿದ ಹಾಗೆ — ಅವನು ಬೇಕೆಂದೇ ಮೂಗನ್ನು ಅಂಗಿಯ ತೋಳಿಗೆ ಒರೆಸಿಕೊಂಡ, ನೋಡಲಿ, ಬರೆದುಕೊಳ್ಳಲಿ. ಮನಶ್ಶಾಸ್ತ್ರಜ್ಞೆ ಎಂದು ಬಾಗಿಲ ಮೇಲೆ ಬರೆದಿದೆ, ಹೆಸರಿಗಿಂತ ಓದೇ ಉದ್ದ, ಅವನ ದೊಡ್ಡ ಮಗಳಿಗಿಂತ ಎರಡು ವರ್ಷ ದೊಡ್ಡವಳಿದ್ದರೆ ಹೆಚ್ಚು, ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವನ ತಲೆಯೊಳಗೆ ಏನಿದೆ ಎಂದು ಇವಳು ನೋಡಬೇಕಂತೆ, ನೋಡಿ ಒಂದು ಫಾರ್ಮಿಗೆ ಸಹಿ ಹಾಕಬೇಕಂತೆ, ಆಮೇಲೇ ಅವನು ಕ್ಯಾಬಿನ್ ಹತ್ತಬೇಕಂತೆ. ಯಾರ್ಡಿನಲ್ಲಿ ಅಪಘಾತವಾದರೆ ಮೂರು ಸಲ ಇಲ್ಲಿ ಬಂದು ಕೂರಬೇಕು, ನಿಯಮ, ನಿಯಮ ಬರೆದವನು ಒಂದು ದಿನ ಮೇಲೆ ಹತ್ತಿ ಕೂತಿದ್ದಾನೆಯೇ, ಕೆಳಗೆ ಮನುಷ್ಯರು ಬೆಂಕಿಕಡ್ಡಿಯಷ್ಟು ಕಾಣುವಾಗ ಎಂಟು ಟನ್ ಪೈಪನ್ನು ಮೊಟ್ಟೆ ಇಟ್ಟ ಹಾಗೆ ಇಳಿಸಿದ್ದಾನೆಯೇ. ನಿದ್ದೆ ಹೇಗಿದೆ ಸರ್ ಎನ್ನುತ್ತಾಳೆ. ನಿದ್ದೆಗೇನು, ಬರತ್ತೆ. ಹ್ಞೂಂ ಎನ್ನುತ್ತಾಳೆ. ಮೂರು ವಾರದಿಂದ ಅದೇ ಹ್ಞೂಂ, ಅವನು ಮನೆಯಲ್ಲಿ ಇವಳಿಗೆ ಹ್ಞೂಂ ಮೇಡಂ ಎಂದೇ ಹೆಸರಿಟ್ಟಿದ್ದಾನೆ, ಹೆಂಡತಿ ಕೇಳಿ ನಗಲಿಲ್ಲ, ಈಗೀಗ ಅವಳು ಯಾವುದಕ್ಕೂ ನಗುವುದಿಲ್ಲ, ತಮ್ಮನ ಕೈಗೆ ಬ್ಯಾಂಡೇಜು ಬದಲಿಸಿ ಬಂದು ತನ್ನ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದುಕೊಳ್ಳುತ್ತಾಳೆ.

ಅವಳ ತಮ್ಮ. ಅದನ್ನೂ ಇವಳು ಕೆದಕಿದ್ದಳು, ಸಿಗ್ನಲ್ ಕೊಡ್ತಿದ್ದೋರು ನಿಮ್ಮ ಹೆಂಡತಿಯ ತಮ್ಮ ಅಲ್ವಾ ಸರ್ ಎಂದು, ಹೌದು, ಅದಕ್ಕೇನೀಗ, ಕೆಲಸಕ್ಕೆ ಸೇರಿಸಿದವನೂ ನಾನೇ, ಕೈಸನ್ನೆ ಕಲಿಸಿದವನೂ ನಾನೇ — ತೋರುಬೆರಳು ಮೇಲೆ ಅಂದರೆ ಎತ್ತು, ಕೆಳಗೆ ಅಂದರೆ ಇಳಿಸು, ಅಂಗೈ ಬಿಚ್ಚಿ ಎತ್ತಿದರೆ ನಿಲ್ಲಿಸು, ಎತ್ತು ಇಳಿಸು ಅನ್ನುವುದಕ್ಕೆ ಒಬ್ಬನಿಗೇ ಹಕ್ಕು, ನಿಲ್ಲಿಸು ಅನ್ನುವುದಕ್ಕೆ ಮಾತ್ರ ಟೀ ಮಾರುವವನಿಗೂ ಹಕ್ಕುಂಟು, ಯಾರ ಅಂಗೈ ಕಂಡರೂ ನಿಲ್ಲಬೇಕು, ಮೊದಲು ನಿಲ್ಲು, ಬೈಯುವುದಿದ್ದರೆ ಆಮೇಲೆ ಬೈ. ಇಷ್ಟು ಕಲಿಸಿದ್ದಕ್ಕೆ ಅವನು ಕೊಟ್ಟ ಗುರುದಕ್ಷಿಣೆ ಏನು, ಅಪಘಾತವಾದ ದಿನ ಬೆಳಿಗ್ಗೆ ಹತ್ತು ಜನರ ಮುಂದೆ, ಮೇಲ್ವಿಚಾರಕನೂ ಅಲ್ಲೇ ಇದ್ದ, ಭಾವನಿಗೆ ವಯಸ್ಸಾಯ್ತು ಸರ್, ಕಣ್ಣು ಟೆಸ್ಟ್ ಮಾಡಿಸಿ, ಮೇಲಿಂದ ನನ್ನ ಕೈ ಕಾಣುತ್ತೋ ಇಲ್ವೋ ಅಂತ ನಂಗೇ ಡೌಟು — ಎಲ್ಲರೂ ನಕ್ಕರು, ಮೇಲ್ವಿಚಾರಕ ನಗದೆ ತಲೆಯಾಡಿಸಿದ, ಅದು ನಗುವುದಕ್ಕಿಂತ ಕೆಟ್ಟದ್ದು, ಉಂಡ ಮನೆಗೆ ಎರಡು ಬಗೆಯೋದು ಅಂದರೆ ಇದೇ. ಇದನ್ನು ಈ ಹುಡುಗಿಗೆ ಹೇಳಬೇಕೇ, ಹೇಳಿದರೆ ಅದಕ್ಕೊಂದು ಹೆಸರು ಹುಡುಕುತ್ತಾಳೆ, ಇವರ ಬಳಿ ಎಲ್ಲದಕ್ಕೂ ಹೆಸರುಂಟು, ಮದ್ದು ಮಾತ್ರ ಹ್ಞೂಂ. ವಿಚಾರಣೆಯಲ್ಲಿ ಕೇಳಿದರು, ಅವನು ಏನು ಸನ್ನೆ ಕೊಟ್ಟ, ಇಳಿಸು ಅಂತ ತೋರಿಸಿದ ಸರ್, ಬೆರಳು ಕೆಳಗಿತ್ತು ಸರ್, ಅಷ್ಟೇ, ಒಂದೇ ಸಾಲು, ಬರೆದುಕೊಂಡರು, ಗಾಯಾಳುವಿನದೇ ತಪ್ಪು ಎಂದು ಷರಾ ಹಾಕಿದರು, ಮುಗಿಯಿತು. ಮುಗಿಯಲು ಆ ಮುಂಡೇದು ಬಿಡಬೇಕಲ್ಲ — ಎಡಗೈಯಲ್ಲಿ ಎರಡು ಬೆರಳು ಉಳಿದಿವೆ, ಅದರ ಚಿಂತೆ ಅವನಿಗಿಲ್ಲ, ಹಾಸಿಗೆಯ ಮೇಲೆ ಕೂತು ಬಲಗೈ ಎತ್ತುತ್ತಾನೆ ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ, ಭಾವ, ನಾನು ಅಂಗೈ ತೋರಿಸಿದ್ದೆ ಅಂತ್ಲೇ ನಂಗೆ ನೆನಪು, ನೀವು ಬೆರಳು ಅಂತೀರಿ, ನಂಗೆ ತಲೆ ಕೆಟ್ಟಿದ್ಯಾ ಭಾವ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಬೆರಳು ಕಣೋ ಎಂದ ಇವನು. ಹೋದ ಸೋಮವಾರ ಕೂಡ ಹೇಳಿದ. ಹಾಗಿದ್ರೆ ನನ್ನ ಕೈನೇ ನಾನು ನಂಬೋ ಹಾಗಿಲ್ಲ ಅಂತ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಈಗ ನೀರಿನ ಲೋಟ ಹಿಡಿಯುವುದಕ್ಕೂ ಅಕ್ಕನನ್ನು ಕೇಳುತ್ತಾನಂತೆ, ಅಕ್ಕಾ, ಹಿಡ್ಕೊಂಡಿದೀನಾ.

ಸರ್, ಎನ್ನುತ್ತಿದ್ದಾಳೆ ಹ್ಞೂಂ ಮೇಡಂ, ಫಾರ್ಮಿಗೆ ಸಹಿ ಮಾಡಿದೀನಿ, ನೀವು ಕೆಲಸಕ್ಕೆ ಹೋಗ್ಬಹುದು, ಇನ್ನು ಇಪ್ಪತ್ತು ನಿಮಿಷ ಇದೆ, ಅದು ನಿಮ್ಮದು, ಮಾತಾಡ್ಬೇಕು ಅನ್ಸಿದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಹೊರಡಿ. ಅಷ್ಟೇನಾ. ಮೂರು ವಾರ ಹಲ್ಲು ಕಚ್ಚಿ ಕೂತದ್ದು ಇಷ್ಟಕ್ಕೇನಾ, ಅವಳು ಬಲೆ ಬೀಸುತ್ತಾಳೆ, ಅಡ್ಡಪ್ರಶ್ನೆ ಹಾಕುತ್ತಾಳೆ, ಬಾಯಿ ಬಿಡಿಸುತ್ತಾಳೆ ಎಂದು ಎಷ್ಟು ಉತ್ತರ ಕಟ್ಟಿಕೊಂಡು ಬಂದಿದ್ದ, ಒಂದೂ ಖರ್ಚಾಗಲಿಲ್ಲ, ಕಾಗದ ಕೈಗೆ ಬಂದಿದೆ, ಯೋಗ್ಯ ಎಂದು ಬರೆದಿದೆ, ಕೆಳಗೆ ದುಂಡನೆಯ ಸಹಿ. ಎದ್ದ. ಜಗಳಕ್ಕೆ ಬಂದವನಿಗೆ ಎದುರಾಳಿಯೇ ಇಲ್ಲದ ಹಾಗಾಗಿ ಇನ್ನಷ್ಟು ಸಿಟ್ಟು ಬಂತು, ಓದಿದವರ ಸೊಕ್ಕು ಇದು, ಕೇಳದೆಯೇ ಬಿಡುವುದು. ಬಾಗಿಲ ಹತ್ತಿರ ಹೋಗಿ ಒಂದು ಮಾತು ಅಂದೇ ಹೋಗುತ್ತೇನೆಂದು ತಿರುಗಿದ, ನಿಮ್ಮ ಈ ವಿದ್ಯೆಯಿಂದ ಯಾರಿಗೆ ಏನಾಯ್ತು ಮೇಡಂ ಎಂದು ಕೇಳಲು ಎರಡು ಹೆಜ್ಜೆ ವಾಪಸು ಇಟ್ಟ, ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು, ಅವಳು ಎಡಗೈಯಲ್ಲಿ ಅದನ್ನು ಎತ್ತಿಕೊಳ್ಳುತ್ತ ಬಲಗೈಯ ಅಂಗೈ ಬಿಚ್ಚಿ ಅವನ ಕಡೆ ಹಿಡಿದಳು, ಒಂದು ನಿಮಿಷ ಎಂದು.

ನಿಂತ. ಎತ್ತಿದ ಕಾಲು ನೆಲ ಮುಟ್ಟುವ ಮೊದಲೇ ನಿಂತ, ಬಲಗೈ ತಾನಾಗಿ ಸೊಂಟದ ಹತ್ತಿರ ಹಿಂದಕ್ಕೆ ಎಳೆಯಿತು, ಅಲ್ಲಿ ಇಲ್ಲದ ಲಿವರನ್ನು, ಯೋಚನೆ ಹುಟ್ಟುವ ಮೊದಲೇ. ಇಪ್ಪತ್ತೆರಡು ವರ್ಷದಿಂದ ಹೀಗೇ, ಟ್ರಾಫಿಕ್ಕಿನವನ ಕೈಗೂ, ಮನೆಯಲ್ಲಿ ಸಾಕು ಬಡಿಸಬೇಡ ಎನ್ನುವ ಮಗಳ ಕೈಗೂ, ಈ ದೇಹ ಅಂಗೈ ಕಂಡರೆ ನಿಲ್ಲುತ್ತದೆ, ಅರೆ ಸೆಕೆಂಡೂ ಹಿಡಿಯುವುದಿಲ್ಲ. ಅವತ್ತು ಎರಡು ಸೆಕೆಂಡು ಹಿಡಿಯಿತು. ಯಾಕೆ ಹಿಡಿಯಿತು — ಅವಳು ಫೋನಿನಲ್ಲಿ ಯಾರಿಗೋ ನಾಲ್ಕು ಗಂಟೆಗೆ ಬನ್ನಿ ಎನ್ನುತ್ತಿದ್ದಾಳೆ, ಕೈ ಇನ್ನೂ ಹಾಗೇ ಇದೆ — ಹಿಡಿಯಲಿಲ್ಲ, ಹಿಡಿಸಿದ, ನಿಲ್ಲಿಸಲು ಹೊರಟ ಕೈಯನ್ನು ತಾನೇ ತಡೆದ, ಇಳಿಯಲಿ, ಕಣ್ಣು ಕಾಣಲ್ಲ ಅಂದ್ಯಲ್ಲೋ, ಕಾಣದೇ ಇದ್ದರೆ ಹೇಗಿರುತ್ತೆ ನೋಡು, ಸ್ವಲ್ಪ ಬೆವರು, ಒಂದು, ಎರಡು, ಅಷ್ಟೇ, ಹೆದರಿಸುವುದಕ್ಕೆ, ಅವನು ಪೈಪು ಕೂರಿಸುವ ದಿಮ್ಮಿ ಸರಿಮಾಡಲು ಎಡಗೈ ಕೆಳಗಿಟ್ಟದ್ದು ಮಾತ್ರ ನಿಜವಾಗಿಯೂ ಕಾಣಲಿಲ್ಲ, ಅದೊಂದು ಕಾಣಲಿಲ್ಲ. ಅವಳು ಫೋನು ಇಟ್ಟಳು, ಕೈ ಇಳಿಸಿದಳು. ಏನೋ ಕೇಳೋಕೆ ಬಂದ್ರಿ ಸರ್. ಅವನು ಸಹಿ ಹಾಕಿದ ಕಾಗದವನ್ನು ಮೇಜಿನ ಮೇಲಿಟ್ಟ, ಅವಳ ಕಡೆಗೆ ತಳ್ಳಿದ.

ಮೇಡಂ, ಅವನು ಸನ್ನೆ ಸರಿಯಾಗೇ ಕೊಟ್ಟಿದ್ದ.

ಈ ಸಲ ಹ್ಞೂಂ ಎನ್ನಲಿಲ್ಲ, ಅವಳು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೇಳಿದಳು, ನೀವು ಏನು ನೋಡಿದ್ರಿ. ನೋಡಿದ್ದು ಕೈ, ಬಲಗೈ, ಐದು ಬೆರಳೂ ಬಿಚ್ಚಿದ ಅಂಗೈ, ಅಷ್ಟು ಎತ್ತರದಿಂದಲೂ ಸ್ಪಷ್ಟ, ಪೈಪು ಇಳಿಯಿತು, ಅವನ ಬಾಯಿ ತೆರೆಯಿತು, ಮಂಡಿ ಕುಸಿಯಿತು, ಎಡಗೈ ಕೆಳಗೆ ಸಿಕ್ಕಿಕೊಂಡಿತ್ತು, ಜನ ಓಡಿ ಬರುತ್ತಿದ್ದರು — ಬಲಗೈ ಮಾತ್ರ ಇಳಿಯಲಿಲ್ಲ, ಎಲ್ಲ ಆಗಿ ಹೋದ ಮೇಲೂ ಮೇಲೇ ಇತ್ತು, ಭಾವನ ಕಡೆಗೆ, ಐದು ಬೆರಳು, ಅಂಗೈ, ಮೇಲೆ.