ಮಲಕಾಜಪ್ಪ ದಾರಿ ನೋಡಿ ಬಂದ

ಕುರಿ ಕಾಯುವ ಮಲಕಾಜಪ್ಪನಿಗೆ ದಾರಿ ತಪ್ಪುವುದೆಂದರೆ ಏನೆಂದೇ ಗೊತ್ತಿರಲಿಲ್ಲ. ನಿಡೋಣಿಯ ಸುತ್ತಲಿನ ಯಾವ ಅಡವಿಗಾದರೂ ಕಣ್ಣು ಮುಚ್ಚಿ ಹಿಂಡು ಹೊಡೆದುಕೊಂಡು ಹೋಗಬಲ್ಲ ಮನುಷ್ಯ. ಅಂಥವನು ವಿಜಯಪುರಕ್ಕೆ ಬಂದು ರಸ್ತೆ ಬದಿಯಲ್ಲಿ ಕಂಬದ ಹಾಗೆ ನಿಂತುಬಿಟ್ಟ.

ಬಂದದ್ದು ಮೊಮ್ಮಗಳಿಗಾಗಿ. ಹಸುಗೂಸು ಲಕ್ಷ್ಮಿಯ ಎಡಗಾಲು ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ವಾರ ವಾರ ಪ್ಲಾಸ್ಟರ್ ಬದಲಿಸಿದರೆ ಕಾಲು ನೆಟ್ಟಗಾಗುತ್ತದೆ, ಮುಂದೆ ಎಲ್ಲರಂತೆ ಓಡುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಒಂದು ವಾರವೂ ತಪ್ಪಬಾರದು ಎಂದೂ ಹೇಳಿದ್ದರು. ಮಗ ಮಹಾದೇವ ಹಿಂಡಿನ ಜೊತೆ ಅಡವಿಯಲ್ಲಿದ್ದ. ಹಾಗಾಗಿ ಸೊಸೆ ರೇಣುಕಾ ಮತ್ತು ಕೂಸನ್ನು ಕರೆದುಕೊಂಡು ಮಲಕಾಜಪ್ಪ ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದ.

ಖೋಲಿಯೇನೋ ಸಿಕ್ಕಿತು. ಅಲ್ಲಿಂದ ಆಸ್ಪತ್ರೆಗೆ ಹೋಗುವುದು ಹೇಗೆ?

ನಿಡೋಣಿಯವನೇ ಆದ ಗೊಲ್ಲಾಳಪ್ಪ ಪಟ್ಟಣದಲ್ಲಿ ಸಾಮಾನಿನ ಗಾಡಿ ಓಡಿಸುತ್ತಿದ್ದ. ಮಲಕಾಜಪ್ಪ ಅದರಲ್ಲೇ ಎಷ್ಟೋ ಸಲ ಕುರಿಗಳನ್ನು ಸಂತೆಗೆ ತಂದಿದ್ದ. "ಬಲ್ಲವರ ಗಾಡಿ, ಹೆದರಬ್ಯಾಡ" ಎಂದು ಸೊಸೆಯನ್ನೂ ಹತ್ತಿಸಿದ. ಹೋಗುವಾಗ ಹೇಗೋ ಆಯಿತು. ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ಮರಳುವಾಗ ಗಾಡಿ ಒಂದು ತಗ್ಗಿಗೆ ಜಿಗಿಯಿತು. ಗಾಡಿಯಲ್ಲಿದ್ದ ಉಳ್ಳಾಗಡ್ಡಿ ಚೀಲ ಕೂಸಿನ ಕಾಲ ಮೇಲೆ ಉರುಳಿತು. ಕೂಸಿಗೆ ಪೆಟ್ಟಾಗಲಿಲ್ಲ. ಪ್ಲಾಸ್ಟರ್ ಮಾತ್ರ ಬಿರುಕು ಬಿಟ್ಟಿತು.

"ಇನ್ನೊಮ್ಮೆ ಹೀಗಾದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ" ಎಂದರು, ತಿರುಗಿ ಆಸ್ಪತ್ರೆಗೆ ಹೋದಾಗ ಪ್ಲಾಸ್ಟರ್ ಮತ್ತೆ ಹಾಕಿದ ಡಾಕ್ಟರು.

ಖೋಲಿಗೆ ಬಂದ ಮಲಕಾಜಪ್ಪ ಕಂಬಳಿ ಹೆಗಲಿಗೇರಿಸಿದ. "ಈ ಊರಿನ ಸಹವಾಸ ಸಾಕು. ನಡೀವಾ, ನಿಡೋಣಿಗೆ ಹೋಗೂನು."

"ನೀವು ಹೋಗ್ರಿ ಮಾವಾರ. ನನ್ನ ಮಗಳ ಕಾಲು ನೆಟ್ಟಗಾಗೂತನಕ ನಾ ಈ ಹೊಸ್ತಿಲ ದಾಟಂಗಿಲ್ಲ!" ಎಂದೂ ಎದುರಾಡದ ರೇಣುಕಾ ಅಂದು ಅಳುತ್ತಲೇ ದನಿ ಏರಿಸಿದಳು.

ಗದ್ದಲ ಕೇಳಿ ಪಕ್ಕದ ಮನೆಯ ಜುಲೇಖಾ ಬಂದಳು. ಓಣಿಯ ಮಹಿಳಾ ಸಂಘ ನಡೆಸುವವಳು. ಊರೆಲ್ಲ ಬಸ್ಸಿನಲ್ಲೇ ಸುತ್ತುವವಳು.

"ಏನ್ರಿ ಕಾಕಾ, ನಮ್ಮ ಗೋಡಿ ನಡಗಾಕತ್ತಾವ! ಸಿಟಿ ಬಸ್ಸಿಗೆ ಯಾಕ ಹೋಗಂಗಿಲ್ಲ?"

"ಅದು ಈ ಊರ ಮಂದಿ ಬಸ್ಸು ಯವ್ವಾ. ರೇಣುಕಾನ ಆಧಾರ್ ಕಾರ್ಡಿನ್ಯಾಗ ನಿಡೋಣಿ ಅಂತೈತಿ. ನಡುದಾರ್ಯಾಗ ಇಳಿಸಿದ್ರ ಮಾನ ಹೋಗ್ತೈತಿ."

ಜುಲೇಖಾ ಹೊಸ್ತಿಲ ಮೇಲೇ ಕೂತು ನಕ್ಕಳು. "ನಿಡೋಣಿ ಏನ್ ಪರದೇಶದಾಗ ಐತೇನ್ರಿ? ಕರ್ನಾಟಕದ ವಿಳಾಸ ಇದ್ರ ಮುಗೀತು. ಸರಕಾರದ ಸಾದಾ ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ರೊಕ್ಕ ಇಲ್ಲ. ಸಿಟಿ ಬಸ್ಸಿಗೂ ಅಷ್ಟ, ಊರಿನ ಬಸ್ಸಿಗೂ ಅಷ್ಟ. ಕಾರ್ಡ್ ತೋರಸ್ಬೇಕು, ಶೂನ್ಯ ಟಿಕೇಟ್ ಇಸ್ಕೋಬೇಕು. ನೀವು ಗಂಡಸರು, ರೊಕ್ಕ ಕೊಡ್ರಿ."

"ಗಂಡಸರಿಗೆ ಅನ್ಯಾಯ ಆತಲ್ಲ ಬೇ!"

"ಇಷ್ಟು ವರ್ಷ ನಮಗಾಗಿದ್ದರ ಲೆಕ್ಕ ಹಚ್ಚೂನೇನು?"

ಅಷ್ಟು ಹೊತ್ತು ಅಳುತ್ತಿದ್ದ ರೇಣುಕಾ ಸೆರಗಿನೊಳಗೇ ನಕ್ಕಳು. ಮಲಕಾಜಪ್ಪ ಮಾತ್ರ ಪಟ್ಟು ಬಿಡಲಿಲ್ಲ. "ಎಲ್ಲಿ ಹತ್ತಬೇಕು, ಎಲ್ಲಿ ಇಳೀಬೇಕು, ಯಾರಿಗೆ ಗೊತ್ತು?"

"ಹಿಂಡು ಹೊಸ ಅಡವಿಗೆ ಹೊಡಕೊಂಡು ಹೋಗೂ ಮದಲ ಏನ್ ಮಾಡ್ತೀರಿ ಕಾಕಾ?"

ಇದು ಅವನ ವಿದ್ಯೆ. ಎದೆ ಉಬ್ಬಿತು. "ಮುಂಚೆ ಒಬ್ಬಾಂವ ಹೋಗಿ ನೋಡ್ಕೊಂಡು ಬರ್ತಾನ. ನೀರು ಎಲ್ಲೈತಿ, ನೆಳ್ಳ ಎಲ್ಲೈತಿ, ಬೆಳಿ ನಿಂತ ಹೊಲ ಯಾವುದು. ಆಮ್ಯಾಲ ಹಿಂಡು ಏಳತೈತಿ."

"ಕುರಿಗೆ ಇಷ್ಟು ಕಾಳಜಿ ಮಾಡ್ತೀರಿ. ಮೊಮ್ಮಗಳನ್ನ ಮಾತ್ರ ದಾರಿ ನೋಡಲಾರದ ಹೊಡಕೊಂಡು ಹೊಂಟ್ರಿ?"

ಮಲಕಾಜಪ್ಪ ಕಂಬಳಿಯನ್ನು ಮೆಲ್ಲಗೆ ಗೂಟಕ್ಕೆ ಹಾಕಿದ.

ಮರುದಿನ ಒಬ್ಬನೇ ಹೊರಟ. ಕಂಡಕ್ಟರನನ್ನು ಕೇಳಿದ, ಹಣ್ಣಿನ ಗಾಡಿಯವಳನ್ನು ಕೇಳಿದ. ಸಂಜೆಗೆ ಹೊಸ ಅಡವಿ ಗೆದ್ದವನಂತೆ ಮರಳಿದ. "ರೇಣುಕಾ, ಬಸ್ ಸ್ಟ್ಯಾಂಡಿನ್ಯಾಗ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಮುಂಜಾನಿ ಸಾಲಿ ಮಕ್ಕಳ ಗದ್ದಲ. ಅವರು ಹೋದ ಮ್ಯಾಲಿನ ಬಸ್ಸಿನ್ಯಾಗ ಆರಾಮ ಕೂಡಾಕ ಬರತೈತಿ. ಆಸ್ಪತ್ರಿ ಮುಂದ ಬೇವಿನ ಗಿಡ ಐತಿ, ಕೂಸಿಗೆ ಹಾಲು ಕುಡಸಾಕ ನೆಳ್ಳ ಐತಿ."

ಆಮೇಲೆ ಮುಖ ಸಣ್ಣದು ಮಾಡಿದ. "ಒಂದ ತ್ರಾಸು. ನಮ್ಮ ಓಣಿ ಮುಂದ ಬಸ್ಸು ನಿಲ್ಲಂಗಿಲ್ಲ. ನಿಲ್ದಾಣದ ಫಲಕ ಇಲ್ಲ. ಕೂಸು ಎತ್ಕೊಂಡು ಮುಂದಿನ ನಿಲ್ದಾಣತನಕ ನಡೀಬೇಕು."

ಜುಲೇಖಾಳ ಹುಬ್ಬು ಏರಿತು. "ಫಲಕ ಹಾಕಸೂನು. ಬಸ್ಸು ನಮ್ಮ ತೆರಿಗಿ ಮ್ಯಾಲ ಓಡತೈತಿ. ನಿಲ್ಲಸೂದು ದಾನಧರ್ಮ ಅಲ್ಲ, ಅವರ ಕೆಲಸ!"

ಪ್ಲಾಸ್ಟರ್ ದಿನ ಬಂತು. ಸಂಘದ ಹೆಂಗಸರೆಲ್ಲ ರಸ್ತೆ ಬದಿಗೆ ಸಾಲಾಗಿ ನಿಂತು ಕೈ ಎತ್ತಿದರು. ಬಸ್ಸು ವೇಗ ಇಳಿಸುವ ಹಾಗೆ ಕಾಣಲಿಲ್ಲ. ಮಲಕಾಜಪ್ಪ ಎರಡೂ ಅಂಗೈ ಬಾಯಿಗೆ ಹಿಡಿದು, ಚದುರಿದ ಹಿಂಡನ್ನು ಕೂಗುವ ಹಾಗೆ ಕೂಗಿದ: "ಹೋ ಹೋ ಹೋಯ್!" ಬಸ್ಸು ಗಕ್ಕನೆ ನಿಂತಿತು.

"ಅಜ್ಜಾ, ನಾ ಏನ್ ಕುರಿನಾ?" ಎಂದ ಚಾಲಕ.

"ಕುರಿ ಆಗಿದ್ರ ಕೈ ಎತ್ತಿದಾಗನ ನಿಂತಿರ್ತಿತ್ತಪಾ!"

ಬಸ್ಸೆಲ್ಲ ನಕ್ಕಿತು, ಚಾಲಕನೂ ನಕ್ಕ. ಒಬ್ಬ ಹುಡುಗಿ ಎದ್ದು ರೇಣುಕಾಳಿಗೆ ಜಾಗ ಕೊಟ್ಟಳು. ರೇಣುಕಾ ನಿಡೋಣಿಯ ಕಾರ್ಡ್ ತೋರಿಸಿದಳು, ಶೂನ್ಯ ಟಿಕೆಟ್ ಸಿಕ್ಕಿತು. ಯಾರೂ ಇಳಿಸಲಿಲ್ಲ.

ಅಂದು ಡಾಕ್ಟರು ಗಟ್ಟಿಯಾಗಿದ್ದ ಪ್ಲಾಸ್ಟರ್ ಬಿಚ್ಚಿ, ಕಾಲನ್ನು ಕೈಯಲ್ಲಿ ಹಿಡಿದು ನೋಡಿ, "ದಾರಿಗೆ ಬರುತ್ತಿದೆ" ಎಂದರು.

ಹೆಂಗಸರು ಕೂಗಿಗೇ ಸುಮ್ಮನಾಗಲಿಲ್ಲ. ಒಟ್ಟಾಗಿ ಬಸ್ ಕಚೇರಿಗೆ ಹೋದರು, ಉತ್ತರ ಸಿಗುವವರೆಗೆ ಅಲ್ಲಿಂದ ಕದಲಲಿಲ್ಲ. ಲಕ್ಷ್ಮಿಯ ಕೊನೆಯ ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಓಣಿಯ ಮುಂದೆ ಫಲಕ ನಿಂತಿತ್ತು. ಅದರ ಕೆಳಗೆ ಕಾಯುತ್ತಿದ್ದಾಗ ಗೊಲ್ಲಾಳಪ್ಪ ಗಾಡಿ ನಿಲ್ಲಿಸಿ ಕರೆದ: "ಬಾರೋ ಕಾಕಾ, ಹತ್ತು!"

"ಉಳ್ಳಾಗಡ್ಡಿಗೆ ನಿನ್ನ ಗಾಡಿ, ಮಂದಿಗೆ ಬಸ್ಸು. ನೀ ನಡಿಯಪಾ" ಎಂದ ಮಲಕಾಜಪ್ಪ.

ಅಕ್ಕಂದಿರೇ, ಅಣ್ಣಂದಿರೇ, ಆಸ್ಪತ್ರೆಗೋ ಓದಿಗೋ ಕೂಲಿಗೋ ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರ ಪಟ್ಟಣಕ್ಕೆ ಬಂದು ನಾಲ್ಕು ದಿನ ಉಳಿಯುವವರು ನೀವಾಗಿದ್ದರೆ, ಕೆಲಸದ ದಿನಕ್ಕೆ ಮುಂಚೆಯೇ ಒಮ್ಮೆ ದಾರಿ ನೋಡಿ ಬನ್ನಿ. ಸಾಮಾನಿನ ಗಾಡಿ ಹತ್ತಬೇಡಿ. ಹೆಣ್ಣುಮಕ್ಕಳು ಆಧಾರ್ ಕಾರ್ಡನ್ನು ಜೊತೆಗಿಟ್ಟುಕೊಳ್ಳಿ, ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಆಟೋ ಹತ್ತುವುದೇ ಆದರೆ ಬಾಡಿಗೆ ಮೊದಲೇ ಮಾತಾಡಿ, ಗಾಡಿಯ ನಂಬರು ಮನೆಯವರಿಗೆ ತಿಳಿಸಿ. ಬಾಡಿಗೆ ಖೋಲಿಯಲ್ಲಿದ್ದರೂ ಈ ರಸ್ತೆ ನಿಮ್ಮದು, ಈ ಬಸ್ಸು ನಿಮ್ಮದು. ನಿಲ್ಲದಿದ್ದರೆ ಒಬ್ಬರೇ ನಿಂತು ಬೈದುಕೊಳ್ಳಬೇಡಿ. ಓಣಿಯವರೆಲ್ಲ ಸೇರಿ ಕೈ ಎತ್ತಿ, ಗಟ್ಟಿಯಾಗಿ ಕೂಗಿ. ನಿಲ್ಲುತ್ತದೆ.