ಪಾಡ್ಲಿ ಕಾಡಿನ ಚಿಗುರು

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ನಮ್ಮ ಹಳ್ಳಿಯಲ್ಲಿ ಕುರಿಹಟ್ಟಿಗೆ ತಡಿಕೆ ಹೆಣೆಯುವವನೆಂದು ಉಳಿದಿದ್ದವನು ಈನಕ್ ಟಫಿನ್ ಒಬ್ಬನೇ. ಪಾಡ್ಲಿ ಕಾಡಿನ ಹೇಝಲ್ ಪೊದೆಗಳನ್ನು ಅವನಿಗೂ ಮೊದಲು ಅವನ ಹೆಂಡತಿ ಥರ್ಝಾಳ ತಂದೆ ಕಡಿದಿದ್ದ, ಅದಕ್ಕೂ ಹಿಂದೆ ಯಾರ್ಯಾರೋ. ಬುಡಸಮ ಕಡಿದಷ್ಟೂ ಅವು ತಡಿಕೆಗೆ ಬೇಕಾದ ಹೊಸ ಕೋಲು ಬಿಟ್ಟು ಏಳುತ್ತಿದ್ದವು. ಮೇಲೆ ಓಕ್ ಮರಗಳ ನೆರಳು. ಕೆಲವು ಓಕ್‌ಗಳು ಇಗರ್ಜಿಗಿಂತ ಹಳೆಯವೆಂದು ಪಾದ್ರಿಗಳೇ ಹೇಳುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ರೈತರೆಲ್ಲ ತಂತಿಬೇಲಿಗೆ ತಿರುಗಿದರು. ಕಾಡಿನ ಒಡೆಯರಾದ ದೊಡ್ಡಮನೆಯವರು ಅದನ್ನು ಮಾರಿದರು. ಕೊಂಡವರಿಗೆ ಬೇಗ ಬೆಳೆಯುವ ಸ್ಪ್ರೂಸ್ ಮರಗಳ ತೋಪು ಬೇಕಿತ್ತು. ಓಕ್ ಕಡಿದು ಸಾಗಿಸುವುದು ದುಬಾರಿ, ನಿಂತಲ್ಲೇ ಸಾಯಿಸಿ ಎಂದರು. ಕಾಂಡದ ಸುತ್ತ ಬಳೆಯಂತೆ ತೊಗಟೆ ಸುಲಿದು ವಿಷ ಬಳಿಯುವ ಕೆಲಸ ಈನಕ್‌ಗೆ ಬಂತು.

“ಬೇರೆ ಯಾರೂ ಸಿಗ್ಲಿಲ್ವಾ ಅವರಿಗೆ?” ಥರ್ಝಾ ಕೇಳಿದಳು.

“ನಾನು ಒಲ್ಲೆ ಅಂದ್ರೆ ಇನ್ನೊಬ್ಬ ಬರ್ತಾನೆ. ಮರ ಹೇಗೂ ಉಳಿಯಲ್ಲ ಕಣೆ.”

“ಹಾಗಾದ್ರೆ ಇನ್ನೊಬ್ಬನೇ ಬರ್ಲಿ. ನಮ್ಮಪ್ಪ ಕಲಿಸಿದ ಕೈ ಅದು.”

“ನಿಮ್ಮಪ್ಪ ಈಗ ಎದ್ದು ಬಂದು ಊಟ ಹಾಕ್ತಾನಾ?”

ಚಳಿಗಾಲವಿಡೀ ಅವನು ಹೋದ. ಸಂಜೆ ಬಂದಾಗ ಕೋಟು ವಿಷದ ಘಾಟು ಹೊಡೆಯುತ್ತಿತ್ತು. ಅವಳು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಏಪ್ರಿಲ್ ಕೊನೆಗೆ ಒಂದು ದಿನ ಥರ್ಝಾ ಓಡಿಬಂದು ಅವನ ತೋಳು ಹಿಡಿದೆಳೆದಳು. “ಬಾ ಇಲ್ಲಿ, ಪೆದ್ದಪ್ಪ! ನಿನ್ನ ವಿಷ ಏನೂ ಕಿತ್ಕೊಳ್ಳಲಿಲ್ಲ!”

ಕಾಡಿನಲ್ಲಿ ಓಕ್‌ಗಳೆಲ್ಲ ಚಿಗುರಿದ್ದವು. ಅವಳು ಬ್ಲೂಬೆಲ್ ಹೂಗಳನ್ನು ತುಳಿದುಕೊಂಡೇ ಮರದಿಂದ ಮರಕ್ಕೆ ಹೋಗಿ ಮುಟ್ಟಿದಳು, ನಕ್ಕಳು. ಅದು ಒಳಗುಳಿದ ರಸದ ಚಿಗುರು, ಅಷ್ಟೇ, ಬೇಸಿಗೆ ದಾಟುವುದಿಲ್ಲ ಎಂದು ಈನಕ್‌ಗೆ ಗೊತ್ತಿತ್ತು. ಆದರೆ ಎಷ್ಟೋ ತಿಂಗಳಿಂದ ಅವಳ ಮುಖದಲ್ಲಿ ನಗು ಕಂಡಿರಲಿಲ್ಲ.

“ಹೌದಲ್ವಾ,” ಎಂದ.

ಮೇ, ಜೂನ್ ಮನೆ ಚೆನ್ನಾಗಿತ್ತು. ಅವಳು ಊರಿಗೆಲ್ಲ ಹೇಳಿದಳು, ಬೇಲಿಯಾಚೆಯಿಂದ ಪಕ್ಕದ ಮನೆಯ ನನಗೂ: “ಅವು ಸಾಯೋ ಜಾತಿಯಲ್ಲ, ನೋಡ್ತಿರಿ!”

ಜುಲೈನಲ್ಲಿ ಎಲೆಗಳು ಕಂದಿ ಮುದುಡಿದವು.

“ಆವತ್ತೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ. ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ನಗ್ತಿದ್ದೆ.”

ವಿಷ ಬಳಿದದ್ದನ್ನು ಕ್ಷಮಿಸುತ್ತಿದ್ದಳೇನೋ, ಇದನ್ನು ಕ್ಷಮಿಸಲಿಲ್ಲ. ಹಾಸಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಒಂದೇ ಮೇಜಿನಲ್ಲಿ ಉಂಡರೂ ಮಾತು ಟೀ, ಒಲೆಯ ಕಲ್ಲಿದ್ದಲು ಇಷ್ಟಕ್ಕೇ ನಿಂತಿತು. ಕೊನೆಗೆ ಯೋವಿಲ್ ಪಟ್ಟಣದಲ್ಲಿ ಕೈಗವಸು ಹೊಲಿಯುವ ಕೆಲಸಕ್ಕೆ ಸೇರಿ, ಅಲ್ಲೇ ಕೋಣೆ ಹಿಡಿದಳು. ಈನಕ್ ಸ್ಪ್ರೂಸ್ ಸಸಿಗಳ ನಡುವೆ ಕಳೆ ಕೀಳುತ್ತಾ ಇಲ್ಲೇ ಉಳಿದ. ಸತ್ತ ಓಕ್‌ಗಳು ವರ್ಷಗಟ್ಟಲೆ ನಿಂತೇ ಇದ್ದವು. ಗಾಳಿ ಎದ್ದ ದಿನ ಕೊಂಬೆ ಮುರಿದು ಬೀಳುವ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು.